ಮೇಸ್ತ್ರಿಯ ವಯಸ್ಸು

ಫೆಬ್ರುವರಿ 3, ಶನಿವಾರ

ಸಮುದ್ರದಲ್ಲಿರಬೇಕಾದ ಒಂದು ಜೀವವನ್ನು ನನ್ನ ಸ್ವಂತ ಸೋದರಮಾವ ಟೊಲಿಡೊದ ತನ್ನ ಮನೆಯ ಹಿಂದಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಕೂಡಿಹಾಕಿದ್ದಾನೆ. ಇದು ಅನ್ಯಾಯ. ಇದಕ್ಕೆ ಹವ್ಯಾಸ ಎಂದು ಹೆಸರಿಟ್ಟುಕೊಂಡಿರುವುದು ಎರಡನೆಯ ಅನ್ಯಾಯ.

ಅಮ್ಮನ ಒತ್ತಾಯಕ್ಕೆ ಬಂದಿದ್ದೇನೆ. ಆರ್ಪಿ ಮಾಮನ ಬಲಭುಜಕ್ಕೆ ಆಪರೇಷನ್ ಆಗಿದೆ. ಮೂವತ್ತು ವರ್ಷ ತಲೆಯ ಮೇಲೆ ಕೈಯೆತ್ತಿ ಪೈಪು ಜೋಡಿಸಿದ ಭುಜ. ಆರು ವಾರ ತೋಳು ಪಟ್ಟಿಯಲ್ಲಿರಬೇಕು. ಅಡುಗೆ, ಬಟ್ಟೆ, ಮೆಟ್ಟಿಲ ಮೇಲಿನ ಹಿಮ ತೆಗೆಯುವುದು, ಇಷ್ಟೇ ಕೆಲಸ ಎಂದು ಅಮ್ಮ ಹೇಳಿದ್ದಳು. ಸೆರೆಮನೆ ಕಾಯುವ ಕೆಲಸವೂ ಇದೆ ಎಂದು ಹೇಳಿರಲಿಲ್ಲ.

ಬ್ಯಾಗು ಇಳಿಸುವ ಮೊದಲೇ ಮಾಮ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋದ. ಪೆಟ್ಟಿಗೆಯಲ್ಲಿ ಕಲ್ಲು, ಹವಳ, ನೀಲಿ ದೀಪ. ಮಧ್ಯದಲ್ಲಿ ಒಂದು ಕಟಲ್‌ಫಿಶ್. ನಿಂಬೆಹಣ್ಣಿಗಿಂತ ಸ್ವಲ್ಪ ಉದ್ದ, ಸುತ್ತಲೂ ಲಂಗದ ಅಂಚಿನಂಥ ರೆಕ್ಕೆ. ಎಂಟು ತೋಳುಗಳನ್ನು ಮುಖದ ಮುಂದೆ ಜೋಡಿಸಿಕೊಂಡು ನೀರಿನಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು.

"ಇದರ ಹೆಸರು ಮೇಸ್ತ್ರಿ," ಅಂದ ಮಾಮ. "ನಾನು ಕೆಲಸಕ್ಕೆ ಸೇರಿದಾಗ ಥೇಟ್ ಹಿಂಗೇ ಒಬ್ಬ ಇದ್ದ. ಕೈಕಟ್ಟಿ ನಿಂತು ನೋಡೋದೇ ಅವನ ಕೆಲಸ. ಸಿಟ್ಟು ಬಂದ್ರೆ ಬಣ್ಣ ಬದಲಾಗೋದು."

"ಕೈದಿಗೆ ಹೆಸರಿಟ್ಟ ಮಾತ್ರಕ್ಕೆ ಜೈಲು ಮನೆ ಆಗಲ್ಲ ಮಾಮ."

"ಆಗದಿದ್ರೆ ಬೇಡ ಬಿಡು. ನನ್ನ ಪಟ್ಟಿ ಬಿಚ್ಚೋ ತನಕ ಜೈಲರ್ ಮಾತ್ರ ನೀನೇ ಕಣೇ ಇಲ್ಡಿ."

ನಾನು ನನ್ನ ಷರತ್ತುಗಳನ್ನು ಹೇಳಿದೆ. ಹಸಿವಿನಿಂದ ಸಾಯಿಸುವುದೂ ಕೊಲೆಯೇ ಆದ್ದರಿಂದ ಊಟ ಹಾಕುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ನನ್ನಿಂದ ನಿರೀಕ್ಷಿಸಬಾರದು. ಮಾರ್ಚ್ 24ರಂದು ಇವರ ಹವಳ ಕ್ಲಬ್ಬಿನವರು ಚರ್ಚಿನ ಹಾಲ್‌ನಲ್ಲಿ ಸೇರಿ ಹವಳದ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರಂತೆ. ಆ ದಿನ ನಾನು ಬಾಗಿಲಲ್ಲಿ ನಿಂತು ನಮ್ಮ ಪ್ರಾಣಿಹಕ್ಕು ಸಂಘದ ಕರಪತ್ರ ಹಂಚುತ್ತೇನೆ. ಇನ್ನೂರು ಪ್ರತಿ ತಂದಿದ್ದೇನೆ. ತಲೆಬರಹ: ಗಾಜು ಸಮುದ್ರವಲ್ಲ.

"ಆ ಬಾಗಿಲಲ್ಲಿ ಗಾಳಿ ಜಾಸ್ತಿ," ಅಂದ ಮಾಮ. "ದಪ್ಪ ಕೋಟ್ ಹಾಕ್ಕೊಂಡು ಹೋಗು."

ಇಂಥವರ ಜೊತೆ ವಾದ ಮಾಡುವುದು ಹೇಗೆ. ಈ ಪುಸ್ತಕದಲ್ಲಿ ನಾನು ಅದನ್ನು ಮೇಸ್ತ್ರಿ ಎಂದು ಕರೆಯುವುದಿಲ್ಲ. ಕೈದಿ.

ಫೆಬ್ರುವರಿ 4, ಭಾನುವಾರ

ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಈರಿ ಸರೋವರ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಕೈದಿಯನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ಬಿಟ್ಟುಬಿಡುವುದು. ನಮ್ಮ ಸಂಘದಲ್ಲಿ ಯಾವುದನ್ನೂ ಕದ್ದುಮುಚ್ಚಿ ಮಾಡುವುದಿಲ್ಲ. ಹಾಗಾಗಿ ತಿಂಡಿ ತಿನ್ನುವಾಗ ನೇರವಾಗಿಯೇ ಹೇಳಿದೆ.

ಮಾಮ ಎಡಗೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಲು ಒದ್ದಾಡುತ್ತಿದ್ದ. "ಬಿಟ್ಟು ಬಾ. ಆದ್ರೆ ಮೊದ್ಲು ಆ ನೀರು ಒಂದು ಚಮಚ ಕುಡಿದು ನೋಡು, ಉಪ್ಪಿದೆಯಾ ಅಂತ. ಐಸ್ ಒಡೆಯೋಕೆ ಸುತ್ತಿಗೆ ಶೆಡ್‌ನಲ್ಲಿದೆ."

ಸರೋವರದ್ದು ಸಿಹಿನೀರು. ಅದು ನನಗೆ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೆ. ಇದರ ಸಮುದ್ರ ಫಿಲಿಪ್ಪೀನ್ಸ್ ಕಡೆಯದು, ಭೂಮಿಯ ಆಚೆ ಬದಿ. ಬಿಡುಗಡೆಯೇ ಸಾಧ್ಯವಿಲ್ಲದಷ್ಟು ದೂರಕ್ಕೆ ತಂದುಹಾಕಿ, ಆಮೇಲೆ ತಮಾಷೆ ಮಾಡುತ್ತಾರೆ.

ಹದಿನೆಂಟು ತಿಂಗಳಿಂದ ಮಾಂಸ ಮುಟ್ಟದ ನಾನು ಇವತ್ತು ಹೆಪ್ಪುಗಟ್ಟಿದ ಸಿಗಡಿಯನ್ನು ನೀರಿನಲ್ಲಿ ನೆನೆಸಿ, ಕಡ್ಡಿಯ ತುದಿಗೆ ಸಿಕ್ಕಿಸಿ, ಪೆಟ್ಟಿಗೆಯೊಳಗೆ ಆಡಿಸಿದೆ. ಕೈದಿಯ ಮೈ ಕಪ್ಪಾಯಿತು, ಬಿಳಿಯಾಯಿತು, ಮತ್ತೆ ಕಂದು ಪಟ್ಟೆ ಬಂತು. ಮುಂದಿನ ಎರಡು ತೋಳುಗಳನ್ನು ಏನೋ ಕೇಳುವವರ ಹಾಗೆ ಮೇಲೆತ್ತಿತು. ಆಮೇಲೆ ಬಾಯಿಯ ಹತ್ತಿರದಿಂದ ಎರಡು ಉದ್ದನೆಯ ಹಂಬುಗಳು ಹಾರಿ ಬಂದು ಸಿಗಡಿ ಮಾಯ. ಕಡ್ಡಿ ಕೈಯಿಂದ ಬಿತ್ತು.

"ಹಂಗೇ ಕಣೇ," ಅಂದ ಮಾಮ ಬಾಗಿಲಲ್ಲಿ ನಿಂತು. "ಮೊದಲನೇ ದಿನ ನಾನೂ ಬೀಳಿಸಿದ್ದೆ."

ನನ್ನನ್ನು ತನ್ನ ಹಾಗೆ ಅಂದುಕೊಳ್ಳುವುದು ಬೇಡ.

ಫೆಬ್ರುವರಿ 7, ಬುಧವಾರ

ಕಡ್ಡಿಯಿಂದ ಜಾರಿದ ಸಿಗಡಿ ಕಲ್ಲಿನ ಸಂದಿಗೆ ಬಿತ್ತು. ಕೊಳೆತರೆ ನೀರು ಕೆಡುತ್ತದೆ ಎಂದು ಮಾಮ ದಿನವೂ ಗೊಣಗುತ್ತಾನಲ್ಲ, ಹಾಗಾಗಿ ಕೈಹಾಕಿ ತೆಗೆಯಲು ಹೋದೆ. ಮೊಣಕೈವರೆಗೆ ನೀರಿನಲ್ಲಿದ್ದೆ. ಹಿಂದಿನಿಂದ ಮಾಮ ಕೂಗಿದ್ದು ಅಕ್ಕಪಕ್ಕದ ಮನೆಗೂ ಕೇಳಿರಬೇಕು.

"ಕೈ ತೆಗಿ. ಬಳೆ. ಬಳೆ ತೆಗಿಯೇ."

ಸಂಘದ ಬಳೆ ಅದು. ತಾಮ್ರದ್ದು. ಒಳಗಡೆ ನಮ್ಮ ಘೋಷಣೆ ಕೆತ್ತಿದೆ. ಸೇರಿದ ದಿನದಿಂದ ಕೈಯಿಂದ ತೆಗೆದಿಲ್ಲ.

ಮಾಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಹೇಳಿದ. ಈ ಜೀವಕ್ಕೆ ತಾಮ್ರದಂಥ ವಿಷ ಬೇರೆ ಇಲ್ಲ. ಮೀನಿಗೆ ರೋಗ ಬಂದರೆ ತಾಮ್ರದ ಔಷಧಿ ಹಾಕುತ್ತಾರೆ. ಒಮ್ಮೆ ಹಾಕಿದ ಪೆಟ್ಟಿಗೆಯಲ್ಲಿ ಎಷ್ಟೇ ವರ್ಷ ಕಳೆದರೂ ಕಟಲ್‌ಫಿಶ್ ಬಿಡಬಾರದು. ಅದಕ್ಕಾಗಿ ಈ ಕೋಣೆಯ ಪೈಪುಗಳನ್ನೆಲ್ಲ ಅವನು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದಾನೆ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು ಯಾರೂ ಒಳಗೆ ಬರುವಂತಿಲ್ಲ.

"ಜೀವಮಾನ ಪೂರ್ತಿ ತಾಮ್ರದ ಪೈಪಿಗೆ ಬೆಸುಗೆ ಹಾಕಿ ಅನ್ನ ತಿಂದೋನು ನಾನು. ನಮ್ಮ ಯೂನಿಯನ್‌ನೋರು ಈ ಪ್ಲಾಸ್ಟಿಕ್ ನೋಡಿ ನನ್ನ ಮುಖಕ್ಕೆ ಉಗಿದ್ರು. ಇನ್ನೂ ಮಜಾ ಕೇಳು. ಇದರ ರಕ್ತದಲ್ಲಿ ಇರೋದೂ ತಾಮ್ರನೇ. ಅದಕ್ಕೇ ನೀಲಿ ರಕ್ತ. ಒಳಗಿದ್ರೆ ಉಸಿರು, ಹೊರಗಿಂದ ಬಂದ್ರೆ ಸಾವು."

"ಅಷ್ಟು ಸೂಕ್ಷ್ಮದ ಜೀವ ಅಂತ ಗೊತ್ತಿದ್ದೂ ತಂದು ಇಟ್ಕೊಂಡ್ಯಲ್ಲ ಮಾಮ."

ಬಳೆಯನ್ನು ಕೋಣೆಯ ಹೊರಗಿನ ಮೊಳೆಗೆ ನೇತುಹಾಕಿದ್ದೇನೆ. ತಾತ್ಕಾಲಿಕವಾಗಿ.

ಫೆಬ್ರುವರಿ 9, ಶುಕ್ರವಾರ

ಇವತ್ತು ತಿನ್ನಲಿಲ್ಲ.

ಫೆಬ್ರುವರಿ 10, ಶನಿವಾರ

ಇವತ್ತೂ ತಿನ್ನಲಿಲ್ಲ. ಕಲ್ಲಿನ ಹಿಂದೆ ಮೂಲೆಯಲ್ಲಿ ತಿಳಿಬೂದು ಬಣ್ಣಕ್ಕೆ ತಿರುಗಿ ಕೂತಿದೆ. ಕಡ್ಡಿ ತೋರಿಸಿದರೆ ತೋಳು ಎತ್ತುವುದಿಲ್ಲ.

ಮಾಮನ ಕಪಾಟಿನಲ್ಲಿ ತಾಮ್ರ ಪರೀಕ್ಷೆಯ ಡಬ್ಬಿ ಇದೆ. ಸಣ್ಣ ಸೀಸೆಗೆ ಪೆಟ್ಟಿಗೆಯ ನೀರು ಹಾಕಿ, ಹನಿ ಎಣಿಸಿ, ಕುಲುಕಿ, ಬಣ್ಣದ ಪಟ್ಟಿಗೆ ಹಿಡಿದು ನೋಡಬೇಕು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಸೊನ್ನೆ. ಐದನೆಯ ಸಲ ಮಾಡುವಾಗ ಮಾಮ ಬಂದ.

"ಅರ್ಧ ನಿಮಿಷ ಬಳೆ ನೀರಲ್ಲಿ ಇದ್ದಿದ್ದಕ್ಕೆ ಯಾರೂ ಸಾಯಲ್ಲ. ನಾನು ಕೂಗಿದ್ದು ಅಭ್ಯಾಸಬಲ."

"ಮತ್ಯಾಕೆ ತಿಂತಿಲ್ಲ?"

"ನಿನ್ನ ಕರಪತ್ರ ಓದಿರಬೇಕು. ಉಪವಾಸ ಸತ್ಯಾಗ್ರಹ."

ನಗು ಬರಲಿಲ್ಲ. ನನ್ನ ಘೋಷಣೆ ಕೆತ್ತಿದ ಬಳೆಯೇ ಅದನ್ನು ಕೊಂದರೆ, ನಾನು ಯಾವ ಮುಖ ಇಟ್ಟುಕೊಂಡು ಆ ಹಾಲ್‌ನ ಬಾಗಿಲಲ್ಲಿ ನಿಲ್ಲಲಿ. ಪರೀಕ್ಷೆಯ ಫಲಿತಾಂಶಗಳನ್ನು ಬರೆಯಲು ಕಾಗದ ಸಿಗಲಿಲ್ಲ. ಒಂದು ಕರಪತ್ರದ ಹಿಂಬದಿಯಲ್ಲಿ ಬರೆದೆ. ಇನ್ನೂರರಲ್ಲಿ ಒಂದು ಹೋದರೆ ನಷ್ಟವಿಲ್ಲ.

ನಾಳೆ ಬೆಳಿಗ್ಗೆ ಮೇಸ್ತ್ರಿಗೆ ಏಡಿ ಕೊಟ್ಟು ನೋಡಬೇಕು.

ಫೆಬ್ರುವರಿ 14, ಬುಧವಾರ

ಮೊಟ್ಟೆ ಇಟ್ಟಿದ್ದಾಳೆ.

ಹವಳದ ಒಂದು ಕೊಂಬೆಗೆ ಕಪ್ಪು ದ್ರಾಕ್ಷಿ ಗೊಂಚಲು ಕಟ್ಟಿದ ಹಾಗಿದೆ. ಒಂದೊಂದಕ್ಕೂ ತನ್ನ ಶಾಯಿಯನ್ನೇ ಬಳಿದು ಕಪ್ಪು ಮಾಡಿದ್ದಾಳೆ. ಬೆಳಿಗ್ಗೆ ಏಳಕ್ಕೆ ಹೋದಾಗ ಇನ್ನೂ ಇಡುತ್ತಿದ್ದಳು. ಒಂದು ಮೊಟ್ಟೆಯನ್ನು ತೋಳುಗಳ ನಡುವೆ ಹಿಡಿದು, ಕೊಂಬೆಗೆ ಸುತ್ತಿ, ದಾರ ಗಂಟು ಹಾಕುವವಳ ಹಾಗೆ ಬಿಗಿದು, ಹಿಂದೆ ಸರಿದು ನೋಡುವುದು. ಎಣಿಸಿದೆ, ಇಪ್ಪತ್ತಮೂರು.

ಜೊತೆಗೆ ಗಂಡಿಲ್ಲ. ಮತ್ತೆ ಹೇಗೆ ಎಂದು ಕೇಳಿದರೆ ಮಾಮ ಹೇಳಿದ: ಕೂಡಿದ್ದು ಸಮುದ್ರದಲ್ಲಿ. ಬಲೆಗೆ ಸಿಗುವ ಮೊದಲು. ಆ ಗಂಡಿನ ಬೀಜವನ್ನು ಒಳಗಿಟ್ಟುಕೊಂಡೇ ಪ್ಲಾಸ್ಟಿಕ್ ಚೀಲದಲ್ಲಿ, ವಿಮಾನದಲ್ಲಿ, ಅಂಗಡಿಯಲ್ಲಿ, ಇಲ್ಲಿವರೆಗೆ ಬಂದಿದ್ದಾಳೆ.

ಮಾಮ ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನು ಕುರ್ಚಿ ಎಳೆದುಕೊಂಡು ಕೂತ.

"ಮರಿ ಮೊಟ್ಟೆ ಇಡಲ್ಲ ಇಲ್ಡಿ."

"ಅಂದ್ರೆ?"

"ಇವು ಬದುಕೋದೇ ಒಂದು ವರ್ಷ. ಮೊಟ್ಟೆ ಇಡೋದು ಕೊನೇಲಿ. ಇಟ್ಟಮೇಲೆ ಕೆಲವು ವಾರ, ಅಷ್ಟೆ. ಡಿಸೆಂಬರ್‌ನಲ್ಲಿ ತಂದಾಗ ನಾನು ಮೂರು ತಿಂಗಳ ಮರಿ ಅಂತ ಲೆಕ್ಕ ಹಾಕಿದ್ದೆ. ಇನ್ನೂ ಒಂಬತ್ತು ತಿಂಗಳು ಜೊತೇಲಿರುತ್ತೆ ಅಂತ."

"ಮೂರು ತಿಂಗಳು ಅಂತ ಯಾರು ಹೇಳಿದ್ದು?"

"ಮೀನಂಗಡಿ ಲಾರೆಟ್ಟಾ ‘ಸಣ್ಣದು’ ಅಂದ್ಲು."

ತಿನ್ನದೇ ಇದ್ದದ್ದು ಬಳೆಯಿಂದಲ್ಲ, ಮುಪ್ಪಿನಿಂದ. ನನ್ನ ತಪ್ಪಲ್ಲ ಎಂದು ಗೊತ್ತಾದಾಗ ಹಗುರಾಗಬೇಕಿತ್ತು. ಆಗಲಿಲ್ಲ. ಕೋಪ ಬಂದಿದೆ. ಒಬ್ಬ ಮನುಷ್ಯನಿಗೆ ಒಂದು ಜೀವವನ್ನು ಅದರ ವಯಸ್ಸು ಮುಚ್ಚಿಟ್ಟು ಮಾರುವುದು ಎಂದರೆ ಇಬ್ಬರಿಗೂ ಮೋಸ.

ಫೆಬ್ರುವರಿ 15, ಗುರುವಾರ

ಲಾರೆಟ್ಟಾ ಬೀಸ್ಲಿಯ ಮೀನಂಗಡಿ ಟೈರ್ ರಿಪೇರಿಯವರ ಪಕ್ಕದಲ್ಲಿದೆ. ಅರವತ್ತರ ಹೆಂಗಸು, ರಬ್ಬರ್ ಬೂಟು, ಕನ್ನಡಕಕ್ಕೆ ದಾರ. ನಾನು ಯಾರೆಂದು ಹೇಳಿದ್ದೇ ತಡ, ನಕ್ಕಳು.

"ಓ, ಆರ್ಪಿಯ ಕ್ರಾಂತಿಕಾರಿ. ಕಾಫಿ ಕುಡೀತೀಯಾ? ಹಾಲು ಹಾಕಲ್ಲ ಬಿಡು, ಹೆದರ್ಬೇಡ."

"ಮೇಸ್ತ್ರಿ ಮೊಟ್ಟೆ ಇಟ್ಟಿದಾಳೆ."

ನಗು ನಿಂತಿತು.

"ಮರಿ ಅಂತ ಹೇಳಿ ಮುದುಕೀನ ಮಾರಿದೀರಿ ನೀವು," ಅಂದೆ.

"ಮರಿ ಅಂತ ನಾನು ಹೇಳಿಲ್ಲ ಕಣಮ್ಮ. ನಿಮ್ಮ ಮಾಮ ‘ಸಣ್ಣದಾ’ ಅಂದ್ರು. ‘ಸಣ್ಣದೇ’ ಅಂದೆ. ಆ ಜಾತಿಯೇ ಸಣ್ಣದು. ಮೊಮ್ಮಕ್ಕಳು ಬಂದ್ರೂ ಸಣ್ಣದೇ."

"ಅವನು ವಯಸ್ಸು ಕೇಳ್ತಾ ಇದಾನೆ ಅಂತ ನಿಮಗೆ ಗೊತ್ತಿತ್ತೋ ಇಲ್ವೋ?"

ಬಟ್ಟೆ ತೆಗೆದುಕೊಂಡು ಒಣಗಿದ್ದ ಮೇಜನ್ನೇ ಒರೆಸತೊಡಗಿದಳು. "ಇಷ್ಟು ವರ್ಷ ಹವಳ ಸಾಕಿದೋರು. ಅವರಿಗೇ ಗೊತ್ತಿರುತ್ತೆ ಅಂದ್ಕೊಂಡೆ."

"ಗೊತ್ತಿತ್ತೋ ಇಲ್ವೋ?"

"ಗಿರಾಕಿ ಬಂದಿದಾರೆ, ತಡಿ," ಅಂದಳು. ಗಿರಾಕಿ ಯಾರೂ ಬಂದಿರಲಿಲ್ಲ.

ಮನೆಗೆ ಬಂದು ಮಾಮನಿಗೆ ಎಲ್ಲ ಹೇಳಿದೆ. ಆ ಅಂಗಡಿಗೆ ಇನ್ನು ಕಾಲಿಡಬೇಡ ಎಂದೆ. ಕ್ಲಬ್ಬಿನ ಎಲ್ಲರಿಗೂ ಫೋನ್ ಮಾಡು ಎಂದೆ. ಅವನು ಎಲೆಕೋಸಿನ ಡಬ್ಬಿಯ ಮುಚ್ಚಳವನ್ನು ಒಂದೇ ಕೈಯಲ್ಲಿ ತೆಗೆಯಲು ನೋಡುತ್ತಿದ್ದ.

"ಸರಿಯಾಗಿ ಕೇಳ್ಬೇಕಾಗಿದ್ದು ನಾನು. ‘ಎಷ್ಟು ತಿಂಗಳು’ ಅಂತ ಕೇಳಿದ್ರೆ ಅವಳು ಹೇಳಿರೋಳು. ಹೇಳಿಬಿಟ್ಟಾಳು ಅಂತಲೇ ಕೇಳ್ಲಿಲ್ಲ."

"ಅಂದ್ರೆ ನಿಂಗೂ ಗೊತ್ತಿತ್ತಾ?"

"ಭುಜ ಹೋಗಿತ್ತು ಕಣೇ. ಇನ್ನು ಕೆಲಸಕ್ಕೆ ತಗೊಳ್ಳಲ್ಲ ಅಂತ ಡಾಕ್ಟರು ಆಗಲೇ ಹೇಳಿ ಆಗಿತ್ತು. ಒಂದು ವರ್ಷ ಕೂತು ನೋಡೋಕೆ ಏನಾದ್ರೂ ಬೇಕಿತ್ತು. ಇದು ಮರಿ ಅಂತ ನನಗೆ ಬೇಕಿತ್ತು."

ಡಬ್ಬಿಯ ಮುಚ್ಚಳ ನಾನೇ ತೆಗೆದುಕೊಟ್ಟೆ. ಇಬ್ಬರ ಮೇಲೂ ಕೋಪ ಇದೆ. ಯಾರ ಮೇಲೆ ಹೆಚ್ಚು ಎಂದು ಇನ್ನೂ ತೀರ್ಮಾನವಾಗಿಲ್ಲ.

ಫೆಬ್ರುವರಿ 22, ಗುರುವಾರ

ಮೇಸ್ತ್ರಿಯ ಬೆನ್ನ ಮೇಲೆ ಬಿಳಿ ಮಚ್ಚೆಗಳು ಬಂದಿವೆ. ಅಲ್ಲಿ ಬಣ್ಣ ಬದಲಾಗುವುದಿಲ್ಲ, ದೀಪ ಕೆಟ್ಟ ಕೋಣೆಗಳ ಹಾಗೆ. ಎಡಗಣ್ಣಿಗೆ ಪೊರೆ. ಆದರೂ ನಾನು ಒಳಗೆ ಹೋದರೆ ಬಲಗಣ್ಣು ನನ್ನ ಕಡೆ ತಿರುಗುವ ಹಾಗೆ ಮೈ ತಿರುಗಿಸುತ್ತಾಳೆ.

ಸಂಘದಿಂದ ಕೋರಾ ಫೋನ್ ಮಾಡಿದ್ದಳು. ಮುಂದಿನ ಕರಪತ್ರಕ್ಕೆ ಕೈದಿಯ ಚಿತ್ರ ಬೇಕಂತೆ. ನಾನು ಎರಡು ವಾರದ ಹಿಂದೆ ತೆಗೆದ ಒಂದನ್ನು ಕಳಿಸಿದೆ, ಪಟ್ಟೆ ಪಟ್ಟೆಯಾಗಿ ತೋಳೆತ್ತಿದ್ದು.

"ಇದು ತುಂಬಾ ಚೆನ್ನಾಗಿದೆ ಕಣೇ, ಖುಷಿಯಾಗಿರೋ ಥರ ಇದೆ. ಸ್ವಲ್ಪ ಸಂಕಟದ್ದು ಇಲ್ವಾ? ಈಗ ಸಾಯ್ತಿದೆ ಅಂದ್ಯಲ್ಲ, ಅದನ್ನೇ ತೆಗೆದು ಕಳಿಸು."

ಇಲ್ಲ ಎಂದೆ.

"ಅಯ್ಯೋ, ಅದರಿಂದ ಬೇರೆಯವಕ್ಕೇ ತಾನೇ ಉಪಕಾರ."

"ಅವಳು ಸಾಯ್ತಾ ಇರೋದು ಕರಪತ್ರಕ್ಕಲ್ಲ," ಎಂದು ಫೋನ್ ಇಟ್ಟೆ. ಕೋರಾ ನನಗೆ ಈ ದಾರಿ ತೋರಿಸಿದವಳು. ಅವಳೇ ಹೀಗೆ ಮಾತಾಡಿದರೆ ಹೇಗೆ.

ಮೊಟ್ಟೆಗಳು ಊದಿಕೊಳ್ಳುತ್ತಿವೆ. ದಿನಕ್ಕೆರಡು ಬಾರಿ ಅವುಗಳ ಮೇಲೆ ಪಿಚಕಾರಿಯಿಂದ ನಿಧಾನಕ್ಕೆ ನೀರು ಹಾಯಿಸುತ್ತೇನೆ, ಕಸ ಕೂರದ ಹಾಗೆ. ವೇಳೆಯನ್ನು ಕರಪತ್ರದ ಹಿಂದೆ ಬರೆದಿಡುತ್ತೇನೆ. ಮೂವತ್ತು ಪ್ರತಿ ಮುಗಿದಿವೆ.

ಮಾರ್ಚ್ 2, ಶನಿವಾರ

ಮೇಸ್ತ್ರಿ ಬೆಳಿಗ್ಗೆ ಹತ್ತೂವರೆಗೆ ಹೋದಳು. ನಾನು ನೀರಿನಲ್ಲಿ ಅವಳ ಕೆಳಗೆ ಕೈ ಹಿಡಿದಿದ್ದೆ. ಬರೀ ಕೈ. ಕೊನೆಯಲ್ಲಿ ಒಂದು ಸಲ ಮೈ ಪೂರ್ತಿ ಬಣ್ಣ ಬಂದು ಹೋಯಿತು. ಆ ಬಿಳಿ ಮಚ್ಚೆಗಳಲ್ಲೂ ಬಂತು ಎಂದು ನನಗನ್ನಿಸಿತು, ಮಾಮ ಇಲ್ಲ ಅನ್ನುತ್ತಾನೆ.

ಮಾರ್ಚ್ 3, ಭಾನುವಾರ

ಮನೆಯ ಹಿಂದೆ ನೆಲ ಇನ್ನೂ ಗಟ್ಟಿ. ಮಾಮ ಹೇಳುತ್ತಾ ಹೋದ, ನಾನು ಅಗೆದೆ.

ಹೂಳುವ ಮೊದಲು ಒಳಗಿನ ಬಿಳಿ ಚಿಪ್ಪನ್ನು ತೆಗೆದಿಟ್ಟುಕೊಂಡೆವು. ಗಿಳಿ ಪಂಜರಗಳಲ್ಲಿ ನೇತುಹಾಕುತ್ತಾರಲ್ಲ, ಅದೇ, ಇದು ಹೆಬ್ಬೆರಳಷ್ಟು ಉದ್ದ. ಒಡಲಲ್ಲಿ ಸಾಲು ಸಾಲು ತೆಳು ಗೆರೆಗಳಿರುತ್ತವೆ, ಬೆಳೆಯುತ್ತಾ ಒಂದೊಂದೇ ಸೇರುತ್ತವಂತೆ. ಮಾಮ ಭೂತಕನ್ನಡಿ ಹಿಡಿದ, ನಾನು ಸೂಜಿಯಿಂದ ಎಣಿಸಿದೆ. ತೊಂಬತ್ತೊಂದು.

"ತೊಂಬತ್ತೊಂದು ಏನು? ದಿನಾನಾ, ವಾರಾನಾ?"

"ಗೊತ್ತಾಗಲ್ಲ. ಹೊಟ್ಟೆ ತುಂಬಿದ್ರೆ ಬೇಗ ಬರುತ್ತೆ, ಚಳಿ ಇದ್ರೆ ತಡ. ಇದರಿಂದ ವಯಸ್ಸು ಹೇಳೋಕೆ ಆಗಲ್ಲ ಕಣೇ."

ಅಂದರೆ ಅವಳ ವಯಸ್ಸು ಯಾರಿಗೂ ಗೊತ್ತಿಲ್ಲ. ಹಿಡಿದವನಿಗಿಲ್ಲ, ಮಾರಿದವಳಿಗಿಲ್ಲ, ಕೊಂಡವನಿಗಿಲ್ಲ, ಅವಳ ಮೂಳೆಗೂ ಇಲ್ಲ. ಇದನ್ನು ಹೀಗೇ ಬಿಡಲಾರೆ.

ಮಾರ್ಚ್ 4, ಸೋಮವಾರ

ಚಿಪ್ಪನ್ನು ಲಾರೆಟ್ಟಾಳ ಮೇಜಿನ ಮೇಲಿಟ್ಟೆ. ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ, ಇಟ್ಟ ಮೇಲೆ ಬೇಡವೆನಿಸಿತು.

ಅವಳು ಅದನ್ನು ಮುಟ್ಟಲಿಲ್ಲ. ಕೆಳಗಿನ ಖಾನೆಯಿಂದ ಒಂದು ಫೈಲು ತೆಗೆದು ನನ್ನ ಮುಂದೆ ತಿರುಗಿಸಿದಳು. ಸಗಟು ವ್ಯಾಪಾರಿಯ ಪಟ್ಟಿ. ಹವಳ, ನಕ್ಷತ್ರಮೀನು, ಕಡಲಕುದುರೆ. ಅದರ ಕೆಳಗೆ: ಕಟಲ್‌ಫಿಶ್, ಸಣ್ಣದು, ಒಂದು.

"ನಂಗೂ ಹಿಂಗೇ ಬಂದಿದ್ದು," ಅಂದಳು.

"ನಿಮಗೆ ಹೇಳಿದ ಸುಳ್ಳನ್ನ ಹಂಗೇ ದಾಟಿಸಿದ್ರಿ."

"ಹೌದು."

ಇಷ್ಟು ಬೇಗ ಒಪ್ಪಿಕೊಂಡರೆ ಮುಂದೇನು ಹೇಳಬೇಕು ಎಂದು ಯಾವ ಕರಪತ್ರದಲ್ಲೂ ಬರೆದಿಲ್ಲ.

"ಹೋದ ಸಲ ಕೇಳಿದ್ಯಲ್ಲ," ಅಂದಳು. "ಗೊತ್ತಿತ್ತು. ಅವರ ಮುಖ ನೋಡಿದೆ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ಅದು ಒಳ್ಳೇತನ ಅಂತ ಆವತ್ತು ಅಂದ್ಕೊಂಡೆ. ವ್ಯಾಪಾರವೂ ಆಯ್ತು ಅನ್ನೋದನ್ನ ಆಮೇಲೆ ಯೋಚಿಸಿದೆ." ಕನ್ನಡಕ ತೆಗೆದು ಒರೆಸಿದಳು. "ಮೊಟ್ಟೆ ಎಷ್ಟಿವೆ?"

"ಇಪ್ಪತ್ತಮೂರು."

"ಒಡೆದ್ರೆ ಏನು ಹಾಕ್ತೀಯ?"

"ಸಿಗಡಿ."

"ಸತ್ತ ಸಿಗಡೀನಾ? ಕಣ್ಣೆತ್ತಿನೂ ನೋಡಲ್ಲ. ಮೊದಲನೇ ದಿನದಿಂದ ಜೀವಂತ ಬೇಕು, ಓಡಾಡ್ತಾ ಇರ್ಬೇಕು. ಅವಕ್ಕಿಂತ ಸಣ್ಣದಿರ್ಬೇಕು. ಈ ಊರಲ್ಲಿ ಯಾರ ಹತ್ರ ಇದೆ ಹೇಳು."

ನನಗೆ ಗೊತ್ತಿರಲಿಲ್ಲ. ನಾನು ಯೋಚಿಸಿಯೇ ಇರಲಿಲ್ಲ. ಅವಳು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಕಡಲಕುದುರೆಗಳಿಗಾಗಿ ಎರಡು ಪೀಪಾಯಿಗಳಲ್ಲಿ ಸೊಳ್ಳೆಯಷ್ಟು ಸಿಗಡಿಗಳನ್ನು ಸಾಕುತ್ತಾಳೆ, ನೀರಿನಲ್ಲಿ ಧೂಳು ಆಡಿದ ಹಾಗೆ. ಊರಿನಲ್ಲಿ ಬೇರೆಲ್ಲೂ ಇಲ್ಲ. ಜೀವ ಉಳಿಸಬೇಕಾದರೆ ನನಗೆ ಬೇಕಾದದ್ದು ಈ ಒಬ್ಬಳ ಹತ್ತಿರ ಮಾತ್ರ ಇದೆ. ಇಂಥ ಅವಮಾನ ಬೇರೆ ಬೇಕೇ.

ನನ್ನ ಷರತ್ತು ಹೇಳಿದೆ. ಸಮುದ್ರದಿಂದ ಹಿಡಿದದ್ದು ಯಾವುದಿದ್ದರೂ ಆ ಪೆಟ್ಟಿಗೆಯ ಮೇಲೆ ಹಾಗೆಂದು ಬರೆದಿರಬೇಕು. ಸಣ್ಣದು ಎಂಬ ಪದ ಇರಕೂಡದು.

"ಬರೆಯೋದು ನಿನ್ನ ಕೆಲಸ ತಾನೇ," ಎಂದು ಒಂದು ದಪ್ಪ ಪೆನ್ನು ಕೊಟ್ಟಳು. ನಾನು ಬರೆದೆ: ಸಮುದ್ರದಿಂದ ಹಿಡಿದು ತಂದದ್ದು. ವಯಸ್ಸು ಗೊತ್ತಿಲ್ಲ. ಕೆಲವೇ ವಾರ ಬದುಕಬಹುದು. ಹನ್ನೊಂದು ಪೆಟ್ಟಿಗೆಗಳಿಗೆ ಅಂಟಿಸಿದೆವು. ಅಕ್ಷರ ಚೆನ್ನಾಗಿದೆ ಎಂದಳು. ಹೊರಡುವಾಗ ಒಂದು ಖಾಲಿ ಜಾಡಿ ಕೈಗಿಟ್ಟು, ಒಡೆದ ದಿನ ಇದನ್ನು ತೊಳೆದು ತಾ ಎಂದಳು. "ಸೋಪು ಹಾಕ್ಬೇಡ."

ಅಷ್ಟು ನನಗೆ ಗೊತ್ತಿದೆ.

ಮಾರ್ಚ್ 12, ಮಂಗಳವಾರ

ಇಪ್ಪತ್ತಮೂರರಲ್ಲಿ ಒಂಬತ್ತು ಒಡೆದಿವೆ. ಒಂದೊಂದು ಅಕ್ಕಿಕಾಳಿನಷ್ಟು. ಹುಟ್ಟಿದ ಗಳಿಗೆಯಲ್ಲೇ ತೋಳು ಜೋಡಿಸಿಕೊಂಡು ನಿಂತು ನೋಡುತ್ತವೆ. ಒಂಬತ್ತು ಮೇಸ್ತ್ರಿಗಳು, ಕೆಲಸಕ್ಕೆ ನಾನೊಬ್ಬಳೇ.

ಒಂದು ಹೆದರಿ ಶಾಯಿ ಬಿಟ್ಟಿತು. ಪೂರ್ಣವಿರಾಮದಷ್ಟು.

ಲಾರೆಟ್ಟಾಳ ಅಂಗಡಿ ತೆರೆಯುವ ಮೊದಲೇ ಹೋಗಿ ಹಿಂಬಾಗಿಲು ತಟ್ಟಿದೆ.

ಮಾರ್ಚ್ 16, ಶನಿವಾರ

ಮಾಮನ ತೋಳುಪಟ್ಟಿ ಬಿಚ್ಚಿದರು. ಕೈ ಭುಜದ ಮಟ್ಟದವರೆಗೆ ಏಳುತ್ತದೆ, ಮೇಲಕ್ಕಿಲ್ಲ. "ಪೆಟ್ಟಿಗೆಯೊಳಗೆ ಹಾಕೋಕೆ ಇಷ್ಟು ಸಾಕು," ಅಂದ. ನಾನು ಇನ್ನು ಮನೆಗೆ ಹೋಗಬಹುದು ಎಂದೂ ಅಂದ. ಅಡುಗೆಮನೆಯ ಕಟ್ಟೆಯ ಮೇಲಿನ ಸಣ್ಣ ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟಿರುವ ಬಲೆಯ ತೊಟ್ಟಿಯನ್ನು ಆಗ ನಾನು ತೊಳೆಯುತ್ತಿದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಎರಡು ಮರಿ ಹೋದವು. ಏಳಿವೆ. ಹುಟ್ಟಿದ ದಿನ, ವೇಳೆ, ಎಲ್ಲ ಬರೆದಿಟ್ಟಿದ್ದೇನೆ. ಇವುಗಳ ವಯಸ್ಸನ್ನು ಯಾರೂ ಸುಳ್ಳು ಹೇಳಲು ಆಗುವುದಿಲ್ಲ.

ಕೊಲಂಬಸ್ ನಗರದಲ್ಲಿನ ಪ್ರತಿಭಟನಾ ಮೆರವಣಿಗೆಗೆ ಸಂಘದ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಟಿತಂತೆ. ಕೋರಾ ಅಲ್ಲಿಂದ ಚಿತ್ರ ಕಳಿಸಿದ್ದಾಳೆ. ಕೆಳಗೆ ಬರೆದಿದ್ದಾಳೆ: ನಿನ್ನ ಜಾಗ ಖಾಲಿ ಇತ್ತು. ಏಳಕ್ಕೆ ಮರಿಗಳ ಮೊದಲ ಊಟ ಎಂದು ಅವಳಿಗೆ ಹೇಳಿರಲಿಲ್ಲವೇ ನಾನು.

ಮಾರ್ಚ್ 24, ಭಾನುವಾರ

ಕೊಟ್ಟ ಮಾತಿನಂತೆ ಹತ್ತು ಗಂಟೆಗೆ ಚರ್ಚಿನ ಹಾಲ್‌ನ ಬಾಗಿಲಲ್ಲಿ ಕರಪತ್ರ ಹಿಡಿದು ನಿಂತೆ. ಗಾಳಿ ನಿಜಕ್ಕೂ ಜಾಸ್ತಿ.

ಮೊದಲು ಬಂದವನು ಗಡ್ಡದ ಮನುಷ್ಯ, ತೋಳಿನಲ್ಲಿ ಹವಳದ ಬುಟ್ಟಿ. ಒಂದನ್ನು ತೆಗೆದುಕೊಂಡು ತಿರುಗಿಸಿದ. ಹಿಂಬದಿ ಓದಿದ. ಅದು ಹೇಗೋ ಬರೆದವುಗಳಲ್ಲೊಂದು ಕಟ್ಟಿನಲ್ಲಿ ಸೇರಿಬಿಟ್ಟಿತ್ತು.

"ಐದನೇ ದಿನಕ್ಕೆ ಹನ್ನೆರಡು ಸಿಗಡಿ ತಿಂತಾ? ಒಂದೊಂದೂನಾ? ನಮ್ಮನೇಲಿ ಹೋದ ವರ್ಷ ಹುಟ್ಟಿದ್ದು ನಾಲ್ಕನೇ ದಿನಕ್ಕೇ ಹೋದ್ವು. ನೀರು ಎಷ್ಟು ಬೆಚ್ಚಗಿಟ್ಟಿದ್ರಿ?"

"ಮೊದಲು ಈ ಕಡೆ ಓದಿ," ಎಂದೆ.

"ಓದ್ತೀನಮ್ಮ, ಮನೆಗೆ ಹೋಗಿ ಓದ್ತೀನಿ. ಬೆಚ್ಚಗೆ ಎಷ್ಟು ಹೇಳಿ."

ಹೇಳಿದೆ. ಅವನ ಹಿಂದೆ ನಿಂತವರೂ ಕೇಳಿದರು. ಸಮುದ್ರದಿಂದ ಹಿಡಿದದ್ದನ್ನು ತರಬೇಡಿ, ತಂದರೆ ವಯಸ್ಸು ಕೇಳಿ, ಗೊತ್ತಿಲ್ಲ ಅಂದರೆ ಅಲ್ಲೇ ಬಿಟ್ಟುಬನ್ನಿ ಎಂದೆ. ಮೊಟ್ಟೆಯಿಂದ ಸಾಕುವುದು ಹೇಗೆ ಎಂದೂ ಹೇಳಬೇಕಾಯಿತು. ಗಂಟಲು ಒಣಗುವ ಹೊತ್ತಿಗೆ ಯಾರೋ ಕುರ್ಚಿ ತಂದು ಹಾಕಿದ್ದರು, ನಾನು ಒಳಗಿದ್ದೆ. ಮುಂಬದಿಯನ್ನು ಒಬ್ಬರೂ ಓದಲಿಲ್ಲ. ಸಂಘದವರು ಒಂದು ತಿಂಗಳು ತಿದ್ದಿ ತಿದ್ದಿ ಬರೆದದ್ದು ಅದು. ಈ ಜನರಿಗೆ ವಿಚಾರ ಬೇಡ, ಸಿಗಡಿಯ ಲೆಕ್ಕ ಬೇಕು.

ಮಧ್ಯಾಹ್ನ ಲಾರೆಟ್ಟಾ ತನ್ನ ಮೇಜಿನಿಂದ ಎದ್ದು ಬಂದಳು. ಮಾಮ ನನ್ನ ಪಕ್ಕದಲ್ಲಿದ್ದ.

"ಒಂದು ವಿಷಯ ಇದೆ. ಕೂಗಾಡ್ಬೇಡ," ಅಂದಳು. "ಜನವರಿಯಲ್ಲಿ ಇನ್ನೊಂದು ಕಟಲ್‌ಫಿಶ್‌ಗೆ ಹೇಳಿಟ್ಟಿದ್ದೆ. ಮರೆತೇಹೋಗಿತ್ತು. ಗುರುವಾರದ ವಿಮಾನಕ್ಕೆ ಡೆಟ್ರಾಯಿಟ್‌ಗೆ ಬರ್ತಿದೆ."

"ಬೇಡ ಅನ್ನಿ."

"ಹಿಡಿದಾಗಿದೆ ಕಣಮ್ಮ, ಚೀಲದಲ್ಲಿದೆ. ನಾನು ಬೇಡ ಅಂದ್ರೆ ಡೆಟ್ರಾಯಿಟ್‌ನಲ್ಲೇ ಇನ್ನೊಬ್ರಿಗೆ ಕೊಡ್ತಾರೆ. ಅಲ್ಲಿ ಅದು ಮತ್ತೆ ಸಣ್ಣದಾಗುತ್ತೆ. ನನ್ನ ಅಂಗಡೀಲಿ ಇಡೋಣ ಅಂದ್ರೆ ದೊಡ್ಡ ಪೆಟ್ಟಿಗೆಗಳಿಗೆಲ್ಲ ಒಂದಲ್ಲ ಒಂದು ಸಲ ತಾಮ್ರದ ಔಷಧಿ ಬಿದ್ದಿದೆ."

ನಾನು ಕೂಗಾಡಿದೆ. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಮಾಮ ನನ್ನ ಕಡೆ ನೋಡಲಿಲ್ಲ, ತನ್ನ ಬಲಗೈ ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದ. ಯಾರಾದರೂ ಹೇಳಲೇಬೇಕಿತ್ತು.

"ಮೇಸ್ತ್ರಿಯ ದೊಡ್ಡ ಪೆಟ್ಟಿಗೆ ಖಾಲಿ ಇದೆ," ಎಂದೆ. "ನೀರು ನಿನ್ನೆ ಪರೀಕ್ಷೆ ಮಾಡಿದೀನಿ. ಸೊನ್ನೆ."

"ನಾನೇನೂ ಅನ್ಲಿಲ್ಲಪ್ಪ," ಅಂದ ಮಾಮ.

ಇದು ಸಾಕುವುದಲ್ಲ. ಇನ್ನೊಬ್ಬರು ಮಾಡಿದ ಅನ್ಯಾಯಕ್ಕೆ ನಾವು ಜಾಗ ಕೊಡುತ್ತಿರುವುದು. ಎರಡಕ್ಕೂ ಬಹಳ ವ್ಯತ್ಯಾಸವಿದೆ, ಕೋರಾಗೆ ಕಾಗದ ಬರೆದು ವಿವರಿಸಬೇಕು. ಲಾರೆಟ್ಟಾ ನನ್ನ ಮುಂದೆಯೇ ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಇನ್ನು ಕಟಲ್‌ಫಿಶ್ ತರಿಸುವುದಿಲ್ಲ. ನಾನು ಸಹಿ ಹಾಕಿಸಿಕೊಂಡೆ.

ವಿಮಾನ ನಿಲ್ದಾಣದ ಸರಕಿನ ಶೆಡ್ಡಿಗೆ ನಾನೂ ಬರುತ್ತೇನೆ ಎಂದೆ. ಚೀಲ ಬಿಚ್ಚುವಾಗ ನಾನಿರಬೇಕು. ಅಳತೆ ಹಿಡಿಯಬೇಕು, ಕಣ್ಣು ನೋಡಬೇಕು, ಬೆನ್ನ ಮೇಲೆ ಮಚ್ಚೆ ಇದೆಯೇ ನೋಡಬೇಕು. ಎಷ್ಟು ವಾರ ಉಳಿದಿದೆ ಎಂದು ಈ ಸಲ ಮೊದಲ ದಿನವೇ ಮಾಮನಿಗೆ ಹೇಳಬೇಕು.

"ಬಾ. ಬಳೆ ಗಿಳೆ ಹಾಕ್ಕೊಂಡು ಬರ್ಬೇಡ," ಅಂದಳು ಲಾರೆಟ್ಟಾ.

ಬಳೆ ಎಲ್ಲಿಟ್ಟೆ ಎಂದು ಈಗ ನೆನಪಾಗುತ್ತಿಲ್ಲ.

ಕರಪತ್ರದ ಹಿಂದೆ ಬರೆದಿಟ್ಟಿದ್ದೇನೆ: ಗುರುವಾರ, ಮಾರ್ಚ್ 28. ಬೆಳಿಗ್ಗೆ ಐದೂವರೆ. ಅಂಗಡಿಯ ಹಿಂಬಾಗಿಲು.